ಚೆನ್ನಾಜಿ ದೋಣಿ ಹತ್ತಿದ ಮೇಲೆ

"ನಿನ್ನ ಮದುವೇಲಿ ಈ ಪುಸ್ತಕಾನ ಮೊದಲಿಂದ ಕೊನೇವರೆಗೂ ಕೇಳಿಸ್ತೀನಿ, ಈಗ ಸುಮ್ಕೆ ಮಲಕ್ಕೊ" ಎಂದು ನಾನು ಮಗಳಿಗೆ ಮಾತು ಕೊಟ್ಟಾಗ ಅವಳಿಗೆ ಆರು ವರ್ಷ. ನನಗೋ ಬೆಳಗಿನ ಜಾವಕ್ಕೆ ಎದ್ದು ಹೋಟೆಲಿಗೆ ಹೋಗಿ ದೋಸೆಹಿಟ್ಟು ರುಬ್ಬುವ ಕೆಲಸ. ಮಕ್ಕಳನ್ನು ಮಲಗಿಸುವ ಆತುರದಲ್ಲಿ ತಾಯಂದಿರು ಚಂದಮಾಮನನ್ನೇ ತಂದುಕೊಡುತ್ತೇವೆ ಎನ್ನುವುದುಂಟು. ನಾನು ಒಂದು ಪುಸ್ತಕ ಎಂದೆ. ಚಂದಮಾಮ ಎಂದಿದ್ದರೆ ರೋಹಿಣಿ ದೊಡ್ಡವಳಾಗುತ್ತ ಮರೆತುಬಿಡುತ್ತಿದ್ದಳು. ಇದನ್ನು ಮರೆಯಲಿಲ್ಲ.

ಅವತ್ತು, ಓದಿ ತುಂಬಿದ್ದನ್ನು ಮತ್ತೆ ಆಡುವ ಓದುಪೆಟ್ಟಿಗೆಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಇಬ್ಬರೂ ಚೆನ್ನಾಜಿಯ ಕತೆ ಕೇಳುತ್ತಿದ್ದೆವು. ಚೆನ್ನಾಜಿ ನೇಯ್ಗೆಯವರ ಮನೆಯ ಹೆಣ್ಣು. ಗಂಡನ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಉಟ್ಟ ಸೀರೆಯಲ್ಲೇ ಹೊರಟು, ತುಂಬಿದ ಹೊಳೆಯ ದಡಕ್ಕೆ ಬಂದು ದೋಣಿ ಹತ್ತುತ್ತಾಳೆ. ಅಂಬಿಗ ಹುಟ್ಟು ಹಾಕುತ್ತಾನೆ. ಅಷ್ಟರಲ್ಲಿ ಪೆಟ್ಟಿಗೆ ಟುಕ್ ಎಂದಿತು. ಮರುಗಳಿಗೆ ಚೆನ್ನಾಜಿಯ ತಲೆ ನರೆತುಹೋಗಿ, ಅವಳು ಯಾರದೋ ಜಗಲಿಯಲ್ಲಿ ಕೂತು ಯಾರಿಗೋ ಮಜ್ಜಿಗೆ ಬಗ್ಗಿಸಿ ಕೊಡುತ್ತಿದ್ದಳು.

"ಮಧ್ಯ ಏನಾಯ್ತವ್ವ?"

"ಗೊತ್ತಿಲ್ಲ ಕಣವ್ವ. ನಮ್ಮ ಪೆಟ್ಗೆ ಆ ಪಾಲು ಆಡಲ್ಲ."

ನಮ್ಮೂರಲ್ಲಿ ಬರೆದದ್ದು ಬೆಳಗಾಗುವ ತನಕ ಮಾತ್ರ ಇರುತ್ತದೆ. ಮಸಿಯಾಗಲಿ, ಬಣ್ಣವಾಗಲಿ, ಕಲ್ಲಿನಲ್ಲಿ ಕೆತ್ತಿದ್ದಾಗಲಿ, ಅಕ್ಷರವೆಂದರೆ ಅದರ ಆಯಸ್ಸು ಒಂದು ಹಗಲು, ಒಂದು ರಾತ್ರಿ. ಆದ್ದರಿಂದ ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಲು ಒಬ್ಬರಿರುತ್ತಾರೆ. ಔಷಧಿಯ ಬಾಟಲಿಗೆ ದಿನಕ್ಕೆಷ್ಟು ಸಲವೋ ಅಷ್ಟು ಗಂಟು ಹಾಕಿದ ದಾರ ಕಟ್ಟಿಕೊಡುತ್ತಾರೆ. ಶಾಲೆಯ ಮಕ್ಕಳಿಗೆ ಹೋಂವರ್ಕ್ ಎಂಬುದಿಲ್ಲ. ಅದೊಂದು ಕಾರಣಕ್ಕೆ ಅಕ್ಕಪಕ್ಕದ ಊರಿನ ಮಕ್ಕಳಿಗೆ ನಮ್ಮ ಮಕ್ಕಳನ್ನು ಕಂಡರೆ ಹೊಟ್ಟೆಯುರಿ.

ಪುಸ್ತಕಗಳು ಹೊರಗಿನಿಂದ ಬೆಳಗಿನ ಬಸ್ಸಿಗೆ ಬರುತ್ತವೆ. ಸಣ್ಣದಾದರೆ ಒಬ್ಬರೇ ಕೂತು ಗಟ್ಟಿಯಾಗಿ ಓದಿ ಪೆಟ್ಟಿಗೆಗೆ ತುಂಬಿಸುತ್ತಾರೆ. ದಪ್ಪ ಪುಸ್ತಕ ಬಂದರೆ ಓದುವವರೆಲ್ಲ ಸೇರಿ, ಹಲಸಿನ ಹಣ್ಣು ಬಿಡಿಸುವಂತೆ ಹೊಲಿಗೆ ಬಿಚ್ಚಿ, ಪಾಲು ಹಂಚಿಕೊಂಡು ತಮ್ಮ ತಮ್ಮ ಮನೆಗೆ ಓಡುತ್ತಾರೆ. ಬೆಳಕು ಹರಿಯುವುದರೊಳಗೆ ಓದಿ ಮುಗಿಸಬೇಕು. ತೊಂದರೆ ಎಂದರೆ, ಯಾವ ಮನೆಯಲ್ಲಿ ಯಾವ ಯಂತ್ರವಿತ್ತೋ ಪಾಲು ಅದರಲ್ಲೇ ಸೇರುತ್ತಿತ್ತು. ಒಬ್ಬರದು ಎಂಪಿತ್ರೀ, ಇನ್ನೊಬ್ಬರದು ವೇವ್, ಮತ್ತೊಬ್ಬರದು ಹಳೇ ಮೊಬೈಲಿನ ಎಎಂಆರ್, ಮಗದೊಬ್ಬರದು ಯಾವುದೋ ಮುಚ್ಚಿಹೋದ ಕಂಪನಿ ತನಗಾಗಿಯೇ ಮಾಡಿಕೊಂಡಿದ್ದ ಫಾರ್ಮ್ಯಾಟು. ಒಂದು ಪೆಟ್ಟಿಗೆ ಆಡಿದ್ದನ್ನು ಇನ್ನೊಂದು ಆಡುತ್ತಿರಲಿಲ್ಲ. ಆಡದ ಪಾಲನ್ನು ಹಾರಿ ಮುಂದಕ್ಕೆ ಹೋಗುತ್ತಿತ್ತು. ಹೀಗಾಗಿ ಊರಿನಲ್ಲಿ ಎಲ್ಲರೂ ಎಲ್ಲ ಪುಸ್ತಕವನ್ನೂ ಕೇಳಿದ್ದರು, ಯಾರೂ ಯಾವ ದಪ್ಪ ಪುಸ್ತಕವನ್ನೂ ಪೂರ್ತಿ ಕೇಳಿರಲಿಲ್ಲ. ಮೇಲಿನ ಬೀದಿಯ ಪೆಟ್ಟಿಗೆಗಳು ದೋಣಿಯಲ್ಲೇ ನಿಲ್ಲುತ್ತಿದ್ದವು, ಆದ್ದರಿಂದ ಅವರ ಲೆಕ್ಕದಲ್ಲಿ ಚೆನ್ನಾಜಿ ಹೊಳೆಯಲ್ಲಿ ಮುಳುಗಿ ಸತ್ತಿದ್ದಳು. ನಮ್ಮ ಬೀದಿಯವರಿಗೆ ಅವಳು ಮಜ್ಜಿಗೆ ಕೊಡುವ ಮುದುಕಿ. ಈ ವಿಷಯಕ್ಕೆ ಎರಡು ಬೀದಿಯವರೂ ಒಮ್ಮೆ ನಲ್ಲಿಯ ಹತ್ತಿರ ಕೊಡ ಎಸೆದಾಡಿದ್ದರು.

ಒಬ್ಬರನ್ನೊಬ್ಬರು ಕೇಳಿಕೊಂಡರೆ ಆಗುತ್ತಿತ್ತಲ್ಲ ಎನ್ನಬಹುದು. ಆಗುತ್ತಿರಲಿಲ್ಲ. ಪಾಲು ಓದಿದವರದು. ಅವರ ಮನೆಗೆ ಹೋಗಿ ಅವರ ದನಿಯಲ್ಲೇ ಅದನ್ನು ಕೇಳಬೇಕು, ಅದಕ್ಕೆ ಎಲ್ಲರಿಗೂ ಬಿಗುಮಾನ. ಇನ್ನೊಬ್ಬರು ಬಾಯಿಮಾತಿನಲ್ಲಿ ಹೇಳಿದರೆ ಪಾಲು ಕದ್ದಂತೆ. ಬೇರೆಯವರ ಹಿತ್ತಲ ನಿಂಬೆಹಣ್ಣಾದರೂ ಕಿತ್ತೇವು, ಪಾಲು ಕದಿಯುತ್ತಿರಲಿಲ್ಲ.

ಇನ್ನು ಮದುವೆಯ ವಿಷಯ. ತಾಳಿಗೆ ಮುಂಚಿನ ದಿನ ಎರಡೂ ಕಡೆಯವರು ಚಪ್ಪರದಲ್ಲಿ ಕತೆ ಕೂರುತ್ತಾರೆ. ಅಕ್ಕಿಯ ತಟ್ಟೆಯ ಮೇಲೆ ಓದುಪೆಟ್ಟಿಗೆ ಇಟ್ಟು, ಹೆಣ್ಣಿನ ತಾಯಿ ಗುಂಡಿ ಒತ್ತಿ ಹಿಂದೆ ಸರಿಯಬೇಕು. ಅಲ್ಲಿಂದ ಪುಸ್ತಕ ಮುಗಿಯುವವರೆಗೆ ಪೆಟ್ಟಿಗೆಗೆ ಯಾರ ಕೈಯೂ ತಾಗಬಾರದು. ಮಧ್ಯ ನಿಂತರೆ ಸಂಬಂಧವೂ ನಿಂತ ಹಾಗೆ, ಎರಡನೇ ಸಲ ಎಂಬುದಿಲ್ಲ. ಆದ್ದರಿಂದ ಬುದ್ಧಿ ಇರುವವರೆಲ್ಲ ಅವರೆಕಾಳಿನ ಸಾರು ಮಾಡುವ ಬಗೆ ಎಂಬ ತೆಳ್ಳನೆಯ ಪುಸ್ತಕ ಇಡುತ್ತಿದ್ದರು. ಒಗ್ಗರಣೆ ಬಿತ್ತೆಂದರೆ ಕತೆ ಮುಗಿಯಿತು, ಎಲೆ ಹಾಕಬಹುದು. ನನ್ನ ಮದುವೆಗೂ ಅದೇ ಸಾರು.

ರೋಹಿಣಿ ಬೆಳೆದು ಬಸ್‌ಸ್ಟ್ಯಾಂಡಿನಲ್ಲಿ ಊರು ಕೂಗುವ ಕೆಲಸಕ್ಕೆ ಸೇರಿದಳು. ಗಂಟಲು ಚೆನ್ನಾಗಿತ್ತು. ಎದುರಿನ ಬೇಕರಿಯಲ್ಲಿ ಬನ್ನು ಸುಡುತ್ತಿದ್ದ ಮಾದೇಶ ಒಂದು ದಿನ ಅವಳು ಟೀ ಕುಡಿಯಲು ಹೋದಾಗ, ಚೆನ್ನಾಜಿ ಮುಳುಗಲೂ ಇಲ್ಲ, ಮಜ್ಜಿಗೆ ಕೊಡುತ್ತ ಕೂರಲೂ ಇಲ್ಲ, ಅವಳ ಕೊನೆಯೇ ಬೇರೆ ಎಂದನಂತೆ. ಅವನ ಮನೆಯಲ್ಲಿದ್ದದ್ದು ಆ ಮುಚ್ಚಿಹೋದ ಕಂಪನಿಯ ಪೆಟ್ಟಿಗೆ. ಐದು ಪಾಲಿನ ಆ ಪುಸ್ತಕದಲ್ಲಿ ಕೊನೆಯ ಪಾಲು ಓದಿದವರು ಅವನ ಅಜ್ಜಿ ಹೊಂಬಾಳಮ್ಮ. ರೋಹಿಣಿ ಅವನಿಗೆ ಮಜ್ಜಿಗೆಯ ಪಾಲನ್ನು ಹೇಳಿದಳು, ಅವನು ಇವಳಿಗೆ ಕೊನೆಯದನ್ನು ಹೇಳಿದ. ಪಿಸುಮಾತಿನಲ್ಲಿ, ಬನ್ನಿನ ಟ್ರೇಗಳ ಹಿಂದೆ. ಊರಿಗೆ ಅವರಿಬ್ಬರೂ ಕೈ ಹಿಡಿದುಕೊಂಡದ್ದಕ್ಕಿಂತ ಪಾಲು ಹಂಚಿಕೊಂಡದ್ದೇ ದೊಡ್ಡ ಸುದ್ದಿಯಾಯಿತು.

ನಾನೂ ನನ್ನ ಗಂಡ ನಿಂಗರಾಜೂ ಬಾಳೆಹಣ್ಣು ಎಲೆಅಡಿಕೆ ಹಿಡಿದು ಹೊಂಬಾಳಮ್ಮನವರ ಮನೆಗೆ ಹೋದೆವು. ಆಕೆ ಹಣ್ಣನ್ನು ನೋಡಿದರು, ನಮ್ಮನ್ನು ನೋಡಿದರು.

"ನಿಮ್ಮ ಮಗಳು ನನ್ನ ಪಾಲು ಕದ್ದು ಕೇಳವ್ಳೆ."

"ನಿಮ್ಮ ಮೊಮ್ಮಗ ಹೇಳವ್ನೆ ಅಜ್ಜಿ" ಎಂದ ನಿಂಗರಾಜು.

"ಅವನು ಗಂಡುಮುಂಡೇದು, ಅವನಿಗೇನು ಗೊತ್ತಾಯ್ತದೆ. ನೋಡಪ್ಪ, ಸಂಬಂಧ ಬ್ಯಾಡ ಅನ್ನಕಿಲ್ಲ. ಆದ್ರೆ ಸಾರಿನ ಪುಸ್ತಕ ತಂದ್ರೆ ನಾನು ಚಪ್ಪರಕ್ಕೇ ಬರಕಿಲ್ಲ. ಕದ್ದು ಕೇಳಿದ ಪುಸ್ತಕಾನೇ ಎಲ್ಲರ ಮುಂದೆ ಕೂರಿಸಿ. ಐದೂ ಪಾಲು."

ದಾರಿಯಲ್ಲಿ ನಿಂಗರಾಜು, "ಇದು ಬ್ಯಾಡ ಅನ್ನೋದ್ನೇ ಮರ್ಯಾದೆಯಿಂದ ಹೇಳೋ ರೀತಿ ಕಣೆ" ಎಂದ. ಮನೆಗೆ ಬಂದರೆ ರೋಹಿಣಿ ಬಾಗಿಲಲ್ಲೇ ನಿಂತಿದ್ದಳು. ಅಜ್ಜಿ ಹೇಳಿದ್ದನ್ನು ಹೇಳಿದೆವು. ಅಳುತ್ತಾಳೆ ಅಂದುಕೊಂಡೆ.

"ಅಷ್ಟೇನಾ?" ಎಂದಳು. "ಅದನ್ನ ನೀನು ಹೆಂಗಿದ್ರೂ ಕೇಳಿಸ್ಬೇಕಿತ್ತಲ್ಲವ್ವ. ಮಾತು ಕೊಟ್ಟಿದ್ದೆ."

ಅವಳ ಮುಖದಲ್ಲಿ ನನ್ನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇನ್ನು ಸಾರಿನ ಪುಸ್ತಕದ ಮಾತೆತ್ತುವಂತಿರಲಿಲ್ಲ.

ನಿಂಗರಾಜು ಲಾರಿ ಓಡಿಸುವವನು. ಎಲ್ಲ ಪುಸ್ತಕವನ್ನೂ ಎರಡು ಪಟ್ಟು ವೇಗದಲ್ಲಿ ಕೇಳುತ್ತಾನೆ, ಆದ್ದರಿಂದ ಅವನ ಪ್ರಕಾರ ಲೋಕದ ಕತೆಗಳಲ್ಲೆಲ್ಲ ಜನ ಜಗಳವಾಡುತ್ತಲೇ ಇರುತ್ತಾರೆ. ಆ ವಾರ ಅವನು ಹೊರಗಿನ ಊರೊಂದರಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆಗೆ ಬೆಂಚು ಇಳಿಸಲು ಹೋಗಿದ್ದ. ಅಲ್ಲಿನ ಮಕ್ಕಳ ಕೈಯಲ್ಲಿ ಅಂಗೈಯಗಲದ ಪೆಟ್ಟಿಗೆ. ಒಂದೊಂದು ಗುಂಡಿಯೂ ಒಂದೊಂದು ಆಕಾರ, ಮುಟ್ಟಿದರೆ ಗೊತ್ತಾಗುವಂತೆ. ಒತ್ತಿದರೆ ತಾನು ಏನು ಮಾಡುತ್ತಿದ್ದೇನೆಂದು ಅದೇ ಬಾಯಿಬಿಟ್ಟು ಹೇಳುತ್ತಿತ್ತು. ಅಧ್ಯಾಯದಿಂದ ಅಧ್ಯಾಯಕ್ಕೆ ಹಾರುತ್ತಿತ್ತು, ಬಿಟ್ಟ ಜಾಗ ನೆನಪಿಟ್ಟುಕೊಳ್ಳುತ್ತಿತ್ತು, ಎದುರಿನ ದನಿಯನ್ನು ತುಂಬಿಸಿಕೊಳ್ಳುತ್ತಿತ್ತು, ದನಿ ದಪ್ಪಗಾಗದಂತೆ ನಿಧಾನ ಮಾಡುತ್ತಿತ್ತು. ಎಂಪಿತ್ರೀ, ವೇವ್, ಎಎಂಆರ್ ಎಂಬ ಭೇದವಿಲ್ಲದೆ ಎಲ್ಲವನ್ನೂ ಆಡುತ್ತಿತ್ತು. ನಿಂಗರಾಜು ಬೆಂಚು ಇಳಿಸುವುದನ್ನು ಮರೆತು ನಿಂತನಂತೆ. ಅಲ್ಲಿನ ಮೇಡಮ್ಮು ಅಂಥದ್ದೇ ಒಂದನ್ನು ಎಲ್ಲಿಂದ ತರಬೇಕೆಂದು ಹೇಳಿ, "ಒಂದು ಕಂಪನಿಯದು ಮಾತ್ರ ಇದರಲ್ಲಿ ಆಡಲ್ಲಪ್ಪ, ಅವರು ಕದ ಮುಚ್ಚಿಕೊಂಡು ಹೋಗಿಬಿಟ್ರು" ಎಂದರಂತೆ. ಯಾವ ಕಂಪನಿ ಎಂದು ಇವನು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಬರುವಾಗ ಒಂದನ್ನು ಕೊಂಡೇ ತಂದ.

ಒಂದು, ಎರಡು ಮತ್ತು ನಾಲ್ಕನೇ ಪಾಲು ನಮ್ಮ ಬೀದಿಯಲ್ಲೇ ಇದ್ದವು. ಓದಿದವರು ಖುಷಿಯಿಂದಲೇ ಕೊಟ್ಟರು. ಮೂರನೆಯದು ಕ್ಷೌರದಂಗಡಿಯ ಮುದ್ದಪ್ಪನ ಹಳೇ ಮೊಬೈಲಿನಲ್ಲಿತ್ತು. "ತಗೊ ಸಾಕಮ್ಮಕ್ಕ. ಆದ್ರೆ ನನ್ನ ಪಾಲಲ್ಲಿ ಚೆನ್ನಾಜಿ ಏನು ಮಾಡ್ತಾಳೆ ಅಂತ ಚಪ್ಪರದವರೆಗೂ ಬಾಯಿ ಬಿಡಬ್ಯಾಡ" ಎಂದ. ಕೊನೆಯದಕ್ಕಾಗಿ ನಾನೊಬ್ಬಳೇ, ಹೋಟೆಲಿನ ಕೆಲಸ ಮುಗಿಸಿ, ಹಿಟ್ಟಿನ ಸೀರೆಯಲ್ಲೇ ಹೊಂಬಾಳಮ್ಮನವರ ಮನೆಗೆ ಹೋದೆ.

"ನಿಮ್ಮ ಪೆಟ್ಗೆ ಮುಂದೆ ನನ್ನ ಪೆಟ್ಗೆ ಇಡ್ತೀನಿ. ನಿಮ್ಮದು ಹೇಳ್ಲಿ, ನನ್ನದು ಕೇಳಿಸ್ಕೊಳ್ಳಲಿ. ದನಿ ನಿಮ್ಮದೇ ಇರ್ತದೆ ಅಜ್ಜಿ, ಕದ್ದಂಗಾಗಲ್ಲ."

ಆಕೆ ಎದ್ದು ಒಳಗೆ ಹೋದರು. ಪೆಟ್ಟಿಗೆ ತಂದು ಮುಂದಿಟ್ಟು, "ಇದು ಮಾತಾಡಿ ಎಷ್ಟೋ ವರ್ಷ ಆಯ್ತು. ವೈರು ಸಡಿಲ. ಮಾದೇಶ ಚಿಕ್ಕವನಾಗಿದ್ದಾಗ ಕೇಳಿದ್ದೇ ಕೊನೆ" ಎಂದರು. ವೈರನ್ನು ಹೆಬ್ಬೆರಳಲ್ಲಿ ಒಂದು ಕಡೆಗೆ ಒತ್ತಿ ಹಿಡಿದರೆ ಪೆಟ್ಟಿಗೆ ಉಸಿರಾಡಿತು, ಬಿಟ್ಟರೆ ಸತ್ತಿತು. ಸರಿ, ನಾನು ಒತ್ತಿ ಹಿಡಿದೆ. ಆಕೆ ಬಾಗಿಲು ಹಾಕಿ, ಕುಕ್ಕರ್ ಇಳಿಸಿ, ಕೋಳಿಯನ್ನು ಹಿತ್ತಲಿಗೆ ಅಟ್ಟಿ ಬಂದು ನನ್ನೆದುರು ಕೂತರು. ಇಬ್ಬರೂ ಮಾತಾಡುವಂತಿಲ್ಲ. ಹಳೇ ಪೆಟ್ಟಿಗೆಯಿಂದ ಒಬ್ಬ ಹರೆಯದ ಹೆಂಗಸಿನ ದನಿ ಬಂತು.

ಆ ದನಿ ಓಡುತ್ತಿತ್ತು. ಕಾಮಾ ಇಲ್ಲ, ಉಸಿರಿಲ್ಲ, ಮಳೆ ಬರುವ ಮುಂಚೆ ಬಟ್ಟೆ ಎತ್ತುವವರ ಹಾಗೆ. ನನ್ನ ಹೆಬ್ಬೆರಳು ಜೋಮು ಹಿಡಿಯಿತು. ಮುಖ ಹಿಂಡಿದ್ದು ನೋಡಿ ಆಕೆ ಸದ್ದಿಲ್ಲದೆ ಹತ್ತಿರ ಸರಿದು, ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ಒತ್ತಿದರು. ನಾನು ಮೆಲ್ಲಗೆ ನನ್ನದನ್ನು ಎಳೆದುಕೊಂಡೆ. ಆಕೆಗೆ ಸುಸ್ತಾದಾಗ ನಾನು, ನನಗಾದಾಗ ಆಕೆ. ಹೀಗೆ ಒಬ್ಬರ ಬೆರಳ ಮೇಲೊಬ್ಬರು ಬೆರಳಿಟ್ಟುಕೊಂಡು, ಪಾತ್ರೆ ತೊಳೆಯುವ ಸರದಿ ಬದಲಿಸುವ ಓರಗಿತ್ತಿಯರ ಹಾಗೆ ಆ ಮಧ್ಯಾಹ್ನ ಕಳೆದೆವು. ಕೊನೆ ಹತ್ತಿರ ಬರುತ್ತಿದ್ದ ಹಾಗೆ ದನಿ ಇನ್ನೂ ಜೋರಾಗಿ ಓಡತೊಡಗಿತು. ಹೊಂಬಾಳಮ್ಮನವರಿಗೆ ತಡೆಯಲಾಗಲಿಲ್ಲ.

"ನಿಧಾನ ಕಣೆ, ಯಾರು ಅಟ್ಟಿಸ್ಕೊಂಡು ಬತ್ತಾವ್ರೆ" ಎಂದು ತಮ್ಮನ್ನೇ ಗದರಿದರು. ತಕ್ಷಣ ಬಾಯಿಗೆ ಸೆರಗು ಒತ್ತಿಕೊಂಡರು. ಆದರೆ ನನ್ನ ಪೆಟ್ಟಿಗೆ ಅದನ್ನೂ ಕೇಳಿಸಿಕೊಂಡಾಗಿತ್ತು.

ಮುಗಿದ ಮೇಲೆ ಆಕೆ ಹೇಳಿದರು: "ಬೆಳಕು ಹರೀತಾ ಇತ್ತು ಸಾಕಮ್ಮ. ಕೊನೆ ಹಾಳೆ ಮೇಲೆ ಅಕ್ಷರ ಒಂದೊಂದೇ ಹೋಯ್ತಾ ಇದ್ವು. ಅವು ಹೋಗೋದ್ರೊಳಗೆ ಓದ್ಬೇಕಲ್ಲ, ಓಡ್ದೆ. ಮೇಲಿನ ಬೀದಿಯೋರು ನಾನೇ ಕಟ್ಟಿ ಹೇಳ್ದೆ ಅಂತ ಆಡ್ಕೊಂಡ್ರು. ಒಬ್ರೂ ಬಂದು ಕೇಳ್ಲಿಲ್ಲ."

ನಾನು ಪೆಟ್ಟಿಗೆಯ ವೇಗದ ಗುಂಡಿಯನ್ನು ಹಿಂದಕ್ಕೆ ಒತ್ತಿ ಕೊನೆಯ ಹಾಳೆಯನ್ನು ಮತ್ತೆ ಕೇಳಿಸಿದೆ. ಅದೇ ದನಿ, ಈಗ ಕೂತು ಮಾತಾಡುವವರ ಹಾಗೆ ಬಂತು. ಆಕೆ ತಲೆ ಒಂದು ಕಡೆಗೆ ವಾಲಿಸಿ ಕೇಳಿದರು. "ಚೆನ್ನಾಗಿ ಓದಿವ್ನಿ ಅಲ್ವಾ" ಎಂದರು. ಪ್ರತಿ ಪಾಲಿಗೂ ಬೇರೆ ವೇಗ ನೆನಪಿಡುವ ಬುದ್ಧಿ ಆ ಪೆಟ್ಟಿಗೆಗಿತ್ತು. ಕೊನೆಯ ಪಾಲಿಗೆ ಆ ನಿಧಾನವನ್ನೇ ಬಿಟ್ಟೆ.

ಮನೆಯಲ್ಲಿ ಮೊದಲ ಪರೀಕ್ಷೆಗೆ ಕೂತರೆ ಕತೆ ಶುರುವಾಗಿದ್ದೇ ಕೊನೆಯಿಂದ. ಆಮೇಲೆ ಮಜ್ಜಿಗೆ, ಆಮೇಲೆ ಹೊಳೆ. ಚೆನ್ನಾಜಿ ದೋಣಿಯಿಂದ ಇಳಿದು, ಆಮೇಲೆ ಹತ್ತಿ, ಎಲ್ಲದಕ್ಕಿಂತ ಕೊನೆಗೆ ಹುಟ್ಟಿದಳು. ಹೊರಗಿನವರು ಪಾಲುಗಳಿಗೆ ಹೆಸರು ಕೊಟ್ಟು ಸಾಲಾಗಿ ಇಟ್ಟುಕೊಳ್ಳುತ್ತಾರಂತೆ. ನಮ್ಮೂರಲ್ಲಿ ಪೆಟ್ಟಿಗೆಯೊಳಗಿನ ಹೆಸರೂ ಬೆಳಗಿಗೆ ಖಾಲಿ. ಹೆಸರಿಲ್ಲದವನ್ನು ಪೆಟ್ಟಿಗೆ ಯಾವುದು ಮೊದಲು ಬಂತೋ ಅದೇ ಮೊದಲು ಎಂದು ಆಡಿಸುತ್ತದೆ. ಹೊಂಬಾಳಮ್ಮನವರ ಪಾಲು ಮೊದಲೇ ಅದರಲ್ಲಿತ್ತು, ಉಳಿದವನ್ನು ನಾನು ಕೈಗೆ ಸಿಕ್ಕಿದ ಹಾಗೆ ತುಂಬಿದ್ದೆ. ಎಲ್ಲವನ್ನೂ ಇನ್ನೊಂದು ಮೆಮೊರಿ ಚಿಪ್ಪಿಗೆ ತೆಗೆದು, ಒಂದಾದ ಮೇಲೊಂದರಂತೆ ಮತ್ತೆ ತುಂಬಿದೆ. ಎರಡನೇ ಪರೀಕ್ಷೆಯಲ್ಲಿ ಪೆಟ್ಟಿಗೆ ಮಧ್ಯದಲ್ಲೇ ನಿದ್ದೆ ಹೋಯಿತು. ಮಲಗುವವರಿಗೆಂದು ತಾನೇ ಆರಿಕೊಳ್ಳುವ ಗುಣ ಅದಕ್ಕೆ ಹುಟ್ಟಿನಿಂದಲೇ ಇತ್ತು. ನನಗೂ ಯಾರಾದರೂ ಅಂಥದ್ದೊಂದು ಗುಣ ಇಟ್ಟಿದ್ದರೆ ಎಂದುಕೊಂಡು ಅದನ್ನು ಹುಡುಕಿ ತೆಗೆದುಹಾಕಿದೆ.

ಕತೆ ಕೂರುವ ದಿನ ಬೆಳಿಗ್ಗೆಯೇ ಚಪ್ಪರ ತುಂಬಿತು. ನೆಂಟರು ಮಾತ್ರವಲ್ಲ, ಮೇಲಿನ ಬೀದಿ ಪೂರ್ತಿ ಬಂದು ಬೇಲಿಯ ಹೊರಗೆ ಚಾಪೆ ಹಾಸಿತ್ತು. ಸಾರಿನ ಪುಸ್ತಕವಲ್ಲ ಎಂಬ ಸುದ್ದಿ ಹಬ್ಬಿತ್ತು. ಅಡುಗೆಯವನು ಬಂದು, "ಯಾವಾಗ ಎಲೆ ಹಾಕೋದು ತಾಯಿ" ಎಂದ. "ಚೆನ್ನಾಜಿ ಹೇಳ್ತಾಳೆ" ಎಂದು ಗುಂಡಿ ಒತ್ತಿ ಹಿಂದೆ ಸರಿದೆ.

ಒಂದನೇ ಪಾಲು ಮುಗಿಯಿತು, ಎರಡನೆಯದು ನಡೆಯಿತು. ಚೆನ್ನಾಜಿ ದೋಣಿ ಹತ್ತಿದಳು. ಹುಟ್ಟು ನೀರಿಗೆ ಬಿತ್ತು. ಪೆಟ್ಟಿಗೆ ಸುಮ್ಮನಾಯಿತು.

ಊರಿನವರೆಲ್ಲ ಇಷ್ಟು ವರ್ಷ ನಿಂತಿದ್ದ ಜಾಗ ಅದು. ರೋಹಿಣಿ ನನ್ನ ಕಡೆ ನೋಡಲಿಲ್ಲ, ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಮಾದೇಶ ಪೇಟದ ಅಂಚು ಹಿಡಿದುಕೊಂಡಿದ್ದ. ಒಂದು ಮಗು ಕೆಮ್ಮಿತು. ಆಮೇಲೆ ಮುದ್ದಪ್ಪನ ಮೂಗುದನಿ, ಹಳೇ ಮೊಬೈಲಿನ ಗರಗರದ ಜೊತೆ, "ನಡುನೀರಿನಲ್ಲಿ ಅಂಬಿಗನ ಕೈ ಸೋತಿತು" ಎಂದಿತು.

ಬೇಲಿಯ ಹೊರಗೆ ಗುಜುಗುಜು ಎದ್ದಿತು. ಅಂಬಿಗನಿಗೆ ಎದೆನೋವು ಬಂದಿತ್ತು. ಚೆನ್ನಾಜಿ ಅವನ ಕೈಯಿಂದ ಹುಟ್ಟು ಕಿತ್ತುಕೊಂಡು, ಮಗ್ಗದ ಲಾಳಿ ಎಳೆದ ತೋಳಿನಲ್ಲಿ ದೋಣಿ ಎಳೆದು ದಡ ಸೇರಿಸಿದಳು. "ಮುಳುಗ್ಲಿಲ್ಲ ಕಣ್ರೋ" ಎಂದು ಮೇಲಿನ ಬೀದಿಯ ಮುದುಕನೊಬ್ಬ ನಿಜವಾಗಿ ಬದುಕಿದವರ ಸುದ್ದಿ ಹೇಳುವ ಹಾಗೆ ಹಿಂದಿನವರಿಗೆ ಹೇಳಿದ. ಬೇಲಿಯ ಬಳಿ ನಿಂತಿದ್ದ ಮುದ್ದಪ್ಪನ ಬೆನ್ನನ್ನು ಯಾರೋ ತಟ್ಟಿದರು.

ನಾಲ್ಕನೇ ಪಾಲು ಮುಗಿಯುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ಐದನೆಯದು ಶುರುವಾಯಿತು. ಹೊಂಬಾಳಮ್ಮ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು. ಆಗ ಅವರ ದನಿಯ ನಡುವೆಯೇ ಪೆಟ್ಟಿಗೆ ತನ್ನ ಸ್ವಂತ ದನಿಯಲ್ಲಿ, ಬ್ಯಾಟರಿ ಕಡಿಮೆ ಇದೆ, ಎಂದು ಹೇಳಿತು.

ಹಿಂದಿನ ದಿನ ಹೋಟೆಲಿನಿಂದ ಬಂದವಳು ಬೆಳಗಿನವರೆಗೆ ಇರಲೆಂದು ಪೆಟ್ಟಿಗೆಗೆ ಕರೆಂಟಿನ ವೈರು ಸಿಕ್ಕಿಸಿಟ್ಟಿದ್ದೆ. ಸ್ವಿಚ್ಚು ಹಾಕಿದ್ದೆನೋ ಇಲ್ಲವೋ ಈಗ ನೆನಪಾಗಲಿಲ್ಲ. ನಿಂಗರಾಜು ವೈರು ಹಿಡಿದು ಎದ್ದ. ಗಂಡಿನ ಸೋದರಮಾವ ಅಡ್ಡ ಬಂದ.

"ಮುಟ್ಟಂಗಿಲ್ಲ. ಪೆಟ್ಗೆಗೆ ಕೈ ತಾಗಿದ್ರೆ ಸಂಬಂಧ ಮುಗೀತು. ನಿಮಗೇ ಗೊತ್ತಲ್ಲ."

"ಪೆಟ್ಗೆಗೆ ಊಟ ಹಾಕೋದೂ ಮುಟ್ಟೋದೂ ಒಂದೇನಯ್ಯ?" ಎಂದ ನಿಂಗರಾಜು.

"ನಿಯಮ ನಿಯಮಾನೇ."

"ಸುಮ್ಕಿರ್ರೋ" ಎಂದರು ಹೊಂಬಾಳಮ್ಮ. "ನನ್ನ ಪಾಲು ಓಡ್ತಾ ಐತೆ, ಅದರ ಮ್ಯಾಲೆ ಮಾತಾಡ್ತೀರಾ. ದೀಪಕ್ಕೆ ಎಣ್ಣೆ ಹೊಯ್ದ್ರೆ ಉರಿ ಮುಟ್ಟಿದಂಗಾ? ಕೈ ತಾಗಬಾರ್ದು ಅಂದ್ರೆ ಕೈ ತಾಗಬಾರ್ದು. ಸಾಕಮ್ಮ, ಕೈ ತಾಗಿಸ್ದೆ ಹಾಕು."

ನಾನು ಅಡುಗೆಯ ಒಲೆಯತ್ತ ಓಡಿದೆ. ಬಿಸಿ ಪಾತ್ರೆ ಇಳಿಸುವ ಇಕ್ಕಳ ತಂದೆ. ಹೋಟೆಲಿನಲ್ಲಿ ಇಷ್ಟು ವರ್ಷ ಕುದಿಯುವ ಸಾಂಬಾರಿನ ಪಾತ್ರೆ ಎತ್ತಿದ ಕೈ. ಇಕ್ಕಳದ ಬಾಯಿಯಲ್ಲಿ ವೈರಿನ ಮೂತಿ ಹಿಡಿದು, ಅಕ್ಕಿಯ ಮೇಲೆ ಬಗ್ಗಿ ಒತ್ತಿದೆ. ಜಾರಿತು. ಸೋದರಮಾವ ನನ್ನ ಬೆರಳನ್ನೇ ನೋಡುತ್ತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಇನ್ನೊಮ್ಮೆ ಒತ್ತಿದೆ. ಸಣ್ಣ ಹಸಿರು ದೀಪ ಹತ್ತಿತು.

"ತಾಗ್ಲಿಲ್ಲ" ಎಂದು ಅವನೇ ಸಾರಿದ, ತಾನೇ ಸಿಕ್ಕಿಸಿದ ಹಾಗೆ.

ಹರೆಯದ ಹೊಂಬಾಳಮ್ಮ ಓದುತ್ತಲೇ ಇದ್ದರು. ಕೊನೆಯ ಹಾಳೆಯಲ್ಲಿ ಇದ್ದಕ್ಕಿದ್ದಂತೆ ಮುದಿದನಿಯೊಂದು ನಿಧಾನವಾಗಿ, "ನಿಧಾನ ಕಣೆ, ಯಾರು ಅಟ್ಟಿಸ್ಕೊಂಡು ಬತ್ತಾವ್ರೆ" ಎಂದಾಗ ಚಪ್ಪರವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಆಕೆಯೇ ನಕ್ಕರು. ನಗು ಇಳಿಯುವ ಹೊತ್ತಿಗೆ ನರೆತ ಚೆನ್ನಾಜಿ ಮಜ್ಜಿಗೆಯ ಚೊಂಬು ಕೆಳಗಿಟ್ಟು ಹೊಳೆಗೆ ಇಳಿದಳು. ಆ ದೋಣಿಯನ್ನು ಅವಳು ಎಂದೋ ಕೊಂಡುಕೊಂಡಿದ್ದಳು. ಜಗಲಿಯಲ್ಲಿ ಮಜ್ಜಿಗೆ ಕುಡಿದವರೆಲ್ಲ ಅವಳ ದೋಣಿಗೆ ಕಾಯುತ್ತಿದ್ದ ಜನ. ಆಚೆ ದಡದಲ್ಲಿ ಒಬ್ಬ ಹೆಣ್ಣುಮಗಳು ಉಟ್ಟ ಸೀರೆಯಲ್ಲೇ ಬಂದು ನಿಂತಿದ್ದಳು. ಚೆನ್ನಾಜಿ ಯಾಕೆ ಬಂದೆ ಎಂದು ಕೇಳಲಿಲ್ಲ. ಹತ್ತು ಎಂದಳು.

ಪೆಟ್ಟಿಗೆ, ಪುಸ್ತಕ ಮುಗಿಯಿತು, ಎಂದಿತು. ಆ ಮಾತನ್ನು ಅದುವರೆಗೆ ನಮ್ಮೂರಲ್ಲಿ ಸಾರಿನ ಪುಸ್ತಕದಂಥ ತೆಳ್ಳನೆಯವಕ್ಕಲ್ಲದೆ ಯಾವ ದಪ್ಪ ಪುಸ್ತಕಕ್ಕೂ ಯಾವ ಪೆಟ್ಟಿಗೆಯೂ ಹೇಳಿರಲಿಲ್ಲ. ಬೇಲಿಯ ಹೊರಗಿನವರು ಎದ್ದು ನಿಂತರು. ಮೇಲಿನ ಬೀದಿಯ ಮುದುಕ ಒಳಗೆ ಬಂದು ಹೊಂಬಾಳಮ್ಮನವರ ಮುಂದೆ ನಿಂತು, "ನೀನು ಕಟ್ಟಿದ್ದು ಅಂದಿದ್ನಲ್ಲ, ತಪ್ಪಾಯ್ತು ಬುಡವ್ವ" ಎಂದ. "ಕಟ್ಟೋಕೆ ನನಗೆಲ್ಲಿ ಬತ್ತದೆ. ಊಟ ಮಾಡ್ಕೊಂಡು ಹೋಗು" ಎಂದರು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ಬೀಗ್ತಿ, ಎಲೆ ಹಾಕ್ಸು" ಎಂದರು.

ರೋಹಿಣಿ ಹಸೆಯಿಂದ ಎದ್ದು ಬಂದು ನನ್ನ ಹೆಗಲಿಗೆ ತಲೆ ಒರಗಿಸಿದಳು. ಮರುದಿನ ಬೆಳಿಗ್ಗೆ ತಾಳಿ ಕಟ್ಟಿಸಿದೆವು.

ಆರು ವರ್ಷದ ಮಗಳಿಗೆ ಪುಸ್ತಕ ಪೂರ್ತಿ ಕೇಳಿಸುತ್ತೇನೆಂದು ಹೇಳಿದ್ದೆ. ಕೇಳಿಸಿದೆ.